ತಕ್ಕಡಿ ಮತ್ತು ಬುತ್ತಿ

ತಿಂಗಳು ಮುಗಿಯುತ್ತಿದ್ದಂತೆ ಆಸ್ಪತ್ರೆಯ ಕಿರಿಯ ವೈದ್ಯರು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಾರೆ: ‘ಸ್ಟೈಪೆಂಡ್ ಬಂತಾ?’ ಕಾಗದಪತ್ರದಲ್ಲಿ ಅದು ಶಿಷ್ಯವೇತನ. ‘ಸ್ಟೈಪೆಂಡ್’ಗೆ ನಂಟಿರುವ ಇಂಗ್ಲಿಷ್ ವಿಶೇಷಣ ‘ಸ್ಟೈಪೆಂಡಿಯರಿ’. ಗೊತ್ತಾದ ಸಂಬಳ ಪಡೆಯುವ ಎಂದರ್ಥ.

ಲ್ಯಾಟಿನ್ನಿನಲ್ಲಿ ‘ಸ್ಟಿಪ್ಸ್’ ಪುಡಿಕಾಸು, ‘ಪೆಂಡೆರೆ’ ತೂಗುವುದು. ನಾಣ್ಯಗಳಿಗೆ ಮುಂಚೆ ರೋಮಿನವರು ಕಂಚಿನ ತುಂಡುಗಳನ್ನು ತಕ್ಕಡಿಗೆ ಹಾಕಿ ಹಣ ಸಲ್ಲಿಸುತ್ತಿದ್ದರು. ಹಾಗಾಗಿ ಸಿಪಾಯಿಯ ಸಂಬಳ ‘ಸ್ಟಿಪೆಂಡಿಯಂ’ ಆಯಿತು. ಸೋತ ನಾಡುಗಳು ತೆರುವ ಕಪ್ಪಕ್ಕೂ ಅದೇ ಹೆಸರು! ನಮ್ಮ ‘ಸಂಬಳ’ದ ಮೂಲ ಸಂಸ್ಕೃತದ ‘ಶಂಬಲ’, ಅಂದರೆ ದಾರಿಯ ಬುತ್ತಿ. ಅವರು ತೂಗಿದರು, ನಾವು ಬುತ್ತಿ ಕಟ್ಟಿದೆವು.

‘ಸ್ಟೈಪೆಂಡಿಯರಿ’ ಪದಕ್ಕೆ ತೂಕ ಬಂದದ್ದನ್ನು ನೋಡಲು ಹದಿನೆಂಟನೆಯ ಶತಮಾನದ ಲಂಡನ್ನಿಗೆ ಬನ್ನಿ. ಅಲ್ಲಿ ಮ್ಯಾಜಿಸ್ಟ್ರೇಟರಿಗೆ ಸಂಬಳವಿರಲಿಲ್ಲ, ಮೊಕದ್ದಮೆಗೆ ಇಷ್ಟು ಎಂದು ಶುಲ್ಕವಿತ್ತು. ಜಗಳ ಹೆಚ್ಚಿದಷ್ಟೂ ಜೇಬು ತುಂಬುತ್ತಿತ್ತು. ಜನ ಅಂಥವರನ್ನು ವ್ಯಾಪಾರಿ ನ್ಯಾಯಾಧೀಶರೆಂದೇ ಕರೆದರು. ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್ ಬೋ ಸ್ಟ್ರೀಟಿನ ಪೀಠದಲ್ಲಿ ಕೂತಾಗ ಬಡವರ ಜಗಳಗಳನ್ನು ರಾಜಿಮಾಡಿಸಿ ಕಳಿಸಿದರು. ವರ್ಷಕ್ಕೆ 500 ಪೌಂಡು ಬರಬಹುದಾಗಿದ್ದ ಆ ಹೊಲಸು ಹಣ ಇದರಿಂದ ಸುಮಾರು 300ಕ್ಕೆ ಇಳಿಯಿತೆಂದು ತಾವೇ ಬರೆದಿದ್ದಾರೆ. ಕೊನೆಗೆ 1792ರ ಕಾಯಿದೆ ಏಳು ಕಚೇರಿ ತೆರೆದು, ಕಚೇರಿಗೆ ಮೂವರಂತೆ ಮ್ಯಾಜಿಸ್ಟ್ರೇಟರನ್ನು ನೇಮಿಸಿ, ತಲಾ 400 ಪೌಂಡು ವಾರ್ಷಿಕ ಸಂಬಳ ಗೊತ್ತುಮಾಡಿತು. ಸಂಬಳದ ಆಳು ಎಂಬ ಹಗುರ ಮಾತು ಹೀಗೆ ಹಂಗಿಲ್ಲದವನು ಎಂಬ ತೂಕ ಪಡೆಯಿತು.

ಆ ತೂಕದ ಪರೀಕ್ಷೆ ನಡೆದದ್ದು ಬ್ರಿಟಿಷ್ ವೆಸ್ಟ್ ಇಂಡೀಸಿನಲ್ಲಿ. 1834ರ ಆಗಸ್ಟ್ 1ರಂದು ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡರೂ ಗುಲಾಮರಾಗಿದ್ದವರು ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ಹಳೆಯ ಧಣಿಗಳಿಗೇ ದುಡಿಯಬೇಕಿತ್ತು. ಚಾವಟಿ ಧಣಿಯ ಕೈಯಿಂದ ತಪ್ಪಿತು. ಶಿಕ್ಷೆಯ ಅಧಿಕಾರ ಬ್ರಿಟನ್ ಕಳಿಸಿದ ಸ್ಟೈಪೆಂಡಿಯರಿ ಮ್ಯಾಜಿಸ್ಟ್ರೇಟರಿಗೆ ಬಂತು. ಆದರೆ ಮೊದಲು ಗೊತ್ತಾದ ಸಂಬಳ ವರ್ಷಕ್ಕೆ 300 ಪೌಂಡು. ಕುದುರೆ, ಮೇವು, ವಸತಿ ಎಲ್ಲವೂ ಅದರಲ್ಲೇ. ದಿನವಿಡೀ ತೋಟದಿಂದ ತೋಟಕ್ಕೆ ಸವಾರಿ. ಸಂಜೆಯಾದರೆ ತಂಗಲು ಧಣಿಯ ಬಂಗಲೆಯೇ ಹತ್ತಿರ. ಬೆಳಗ್ಗೆ ಯಾರ ದೂರು ವಿಚಾರಿಸಬೇಕೋ, ರಾತ್ರಿ ಅವರ ಮೇಜಿನಲ್ಲೇ ಊಟ. ಧಣಿಗಳಿಗೆ ಎದುರು ನಿಂತವರೂ ಇದ್ದರು. ಬಹಳ ಮಂದಿ ಬಾಗಿದರು. ಅಪ್ರೆಂಟಿಸ್ ಪದ್ಧತಿಯೇ 1838ರಲ್ಲಿ ಮುಗಿಯಿತು.

ಇಂಗ್ಲೆಂಡಿನಲ್ಲಿ 2000ದಲ್ಲಿ ಸ್ಟೈಪೆಂಡಿಯರಿ ಮ್ಯಾಜಿಸ್ಟ್ರೇಟರ ಹುದ್ದೆಗೆ ಜಿಲ್ಲಾ ನ್ಯಾಯಾಧೀಶ ಎಂಬ ಹೆಸರು ಬಂದು, ಹಳೆಯ ವಿಶೇಷಣ ಅಲ್ಲಿಂದ ಜಾರಿತು. ಲಂಡನ್ ತೂಗಿ ಕೊಟ್ಟದ್ದೇನೋ ನಿಜ, ಆದರೆ ವೆಸ್ಟ್ ಇಂಡೀಸಿನ ದಾರಿ ದೊಡ್ಡದಿತ್ತು. ಬುತ್ತಿ ಸಾಲದವನು ಯಾರದೋ ಮನೆಯ ಎಲೆಯ ಮುಂದೆ ಕೂರಬೇಕಾಯಿತು.