ನಡುಗೋಡೆಯಾಚೆಯ ಗೆಳೆಯ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ 'ನಾನು ಕಂಡ ನಮ್ಮ ಶಾಲೆ'. ಶಾಲೆಯ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ನನ್ನ ನಂತರ ಇದ್ದಾರೆ. ಸಂಘಟಕರ ಅಪ್ಪಣೆ ಪಡೆದು ನಾನು ಒಬ್ಬ ಹಳೆಯ ವಿದ್ಯಾರ್ಥಿಯ ಬಗ್ಗೆ ಮಾತಾಡುತ್ತೇನೆ. ಅವನು ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ನಪಾಸಾದವನು. ನನ್ನ ಬೆಂಚಿನವನು, ನಮ್ಮ ಪಕ್ಕದ ಮನೆಯವನು. ಹೋದ ಶ್ರಾವಣದಲ್ಲಿ ತೀರಿಕೊಂಡ. ಹೆಸರು ಹೇಳುವುದಿಲ್ಲ. ಮೈಕಿನಲ್ಲಿ ತನ್ನ ಹೆಸರು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ ಮನುಷ್ಯ ಅವನು. ಊರವರಿಗೆ ಯಾರೆಂದು ಗೊತ್ತಾಗುತ್ತದೆ. ಹೊರಗಿನಿಂದ ಬಂದವರಿಗೆ ಅವನು ಮಾಡಿದ್ದು ತಿಳಿದರೆ ಸಾಕು.

ಅವನ ಮನೆಗೂ ನಮ್ಮ ಮನೆಗೂ ಒಂದೇ ನಡುಗೋಡೆ. ಅವನ ಮನೆಯ ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಮೇಲೆ ನಮ್ಮವ್ವ ಒಲೆ ಹೊತ್ತಿಸುತ್ತಿದ್ದಳು. ನಾನು ಮಾಸ್ತರಿಕೆಗೆ ಸೇರಿ ಹಾನಗಲ್ಲ, ಸವಣೂರು, ಶಿಗ್ಗಾಂವಿ ಎಂದು ವರ್ಗವಾಗಿ ತಿರುಗುವಾಗ ಅವ್ವ ಊರು ಬಿಟ್ಟು ಬರಲಿಲ್ಲ. 'ದೊಡ್ಡವ್ವಾ, ಊಟ ಆತೇನು?' ಎಂದು ಅವನು ದಿನಾ ರಾತ್ರಿ ಗೋಡೆ ಬಡಿದು ಕೇಳುತ್ತಿದ್ದ. ಆಕೆ ಒಳಗಿಂದ ತಿರುಗಿ ಬಡಿದರೆ ಮಲಗುತ್ತಿದ್ದ. ಹಾಗಂತ ಅವನು ಸಾಧು ಅಲ್ಲ. ಬಚ್ಚಲ ನೀರು ಯಾವ ಕಡೆ ಹರಿಯಬೇಕು ಎಂಬುದರ ಮೇಲೆ ನಮ್ಮಪ್ಪನ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದ. ಹಟಮಾರಿ. ಆ ಹಟದ ಕಥೆಯನ್ನೇ ಈಗ ಹೇಳಬೇಕಾಗಿದೆ.

ಇಂದಿನ ಮಕ್ಕಳು ನೋಡುವುದು ಹೊಲದ ತುಂಬ ಗೋವಿನಜೋಳ. ನಮ್ಮ ಕಾಲದಲ್ಲಿ ಈ ಭಾಗದಲ್ಲಿ ಹತ್ತಿಯ ಸೀಡ್ಸ್ ಪ್ಲಾಟು ಬಹಳ ಇದ್ದವು. ಧಾರವಾಡದ ಕೃಷಿ ವಿಜ್ಞಾನಿಗಳು 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಕೊಟ್ಟರು, 1981ರಲ್ಲಿ ಡಿಸಿಎಚ್-32, ಅದನ್ನು ಜನ ಜಯಲಕ್ಷ್ಮಿ ಎಂದರು. ಹೈಬ್ರಿಡ್ ಬೀಜವನ್ನು ಒಮ್ಮೆ ಬೆಳೆದು ಮನೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ಪ್ರತಿ ವರ್ಷ ಹೊಸದಾಗಿ ಮಾಡಬೇಕು. ಅದೂ ಕೈಯಿಂದ. ಮಧ್ಯಾಹ್ನದ ಮೇಲೆ, ಮರುದಿನ ಅರಳಲಿರುವ ಹೆಣ್ಣು ಗಿಡದ ಮೊಗ್ಗನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಸೀಳಿ, ಎಸಳನ್ನೂ ಕೇಸರವನ್ನೂ ಸುತ್ತ ಸುಲಿದು, ನಡುವಿನ ಶಲಾಕೆಗೆ ಗಾಯವಾಗದಂತೆ ಬಿಟ್ಟು, ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಹಳದಿ ಗಂಡು ಹೂ ತಂದು ಅದಕ್ಕೆ ಮುಟ್ಟಿಸಿ, ದಾರ ಕಟ್ಟಬೇಕು. ಒಂದೊಂದು ಹೂವಿಗೂ ಹೀಗೆ, ಎರಡು ತಿಂಗಳು. ಒಂದು ಎಕರೆಗೆ ದಿನಾ ಹತ್ತು ಜನರಾದರೂ ಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಿದ್ದರು.

ಈಗ ಗಮನಿಸಿ. ಹೂ ಮುಟ್ಟಿಸುವ ಹೊತ್ತು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಹನ್ನೆರಡು. ಮೊಗ್ಗು ಸುಲಿಯುವ ಹೊತ್ತು ಎರಡರಿಂದ ಸಂಜೆಯವರೆಗೆ. ಇದು ಸರಿಯಾಗಿ ನಮ್ಮ ಶಾಲೆಯ ಹೊತ್ತು. ಶ್ರಾವಣ ಬಂತೆಂದರೆ ಎಂಟು, ಒಂಬತ್ತನೆಯ ಇಯತ್ತೆಯ ಹುಡುಗಿಯರ ಬೆಂಚು ಖಾಲಿ. ಹುಡುಗಿಯರ ಬೆರಳು ಸಣ್ಣ, ಮೊಗ್ಗು ಕೆಡುವುದಿಲ್ಲ ಎನ್ನುತ್ತಿದ್ದರು. ನನ್ನ ಮಟ್ಟಿಗೆ ಅದು ನೆಪ. ಹುಡುಗಿಯರ ಕೂಲಿ ಕಡಿಮೆ, ತಿರುಗಿ ಮಾತಾಡುವುದಿಲ್ಲ, ಅದೇ ನಿಜವಾದ ಕಾರಣ. ಬೇಸಿಗೆಯಲ್ಲಿ ಅಡಚಣೆಯಿದ್ದ ಮನೆಗೆ ಮುಂಗಡ ಕೊಟ್ಟು, ಮಳೆಗಾಲಕ್ಕೆ ಹುಡುಗಿಯನ್ನು ಗೊತ್ತುಮಾಡಿಕೊಳ್ಳುವ ರೂಢಿ ಇತ್ತು.

ನನ್ನ ಗೆಳೆಯ ಹತ್ತನೆಯ ಇಯತ್ತೆಯಲ್ಲಿದ್ದಾಗ ಅವರಪ್ಪ ಮೊದಲ ಸಲ ಪ್ಲಾಟು ಹಿಡಿದರು. ಎರಡು ತಿಂಗಳು ಅವನು ಶಾಲೆಗೆ ಬರಲಿಲ್ಲ. ಮಾರ್ಚಿನಲ್ಲಿ ಗಣಿತ ಹೋಯಿತು. ಮತ್ತೆ ಕಟ್ಟಲಿಲ್ಲ. ಅದರ ಬಗ್ಗೆ ಅವನು ಅತ್ತದ್ದನ್ನಾಗಲಿ, ಅಪ್ಪನನ್ನು ಬೈದದ್ದನ್ನಾಗಲಿ ನಾನು ಕೇಳಿಲ್ಲ.

ಆದರೆ ಹೊಲ ತನ್ನ ಕೈಗೆ ಬಂದ ವರ್ಷ ಎರಡು ಎಕರೆಯ ಪ್ಲಾಟನ್ನು ಇಪ್ಪತ್ತು ಗುಂಟೆಗೆ ಇಳಿಸಿದ. ಮುಂಗಡ ಕೇಳಿ ಬಂದ ತಾಯಂದಿರಿಗೆ ಅವನು ಹೇಳುತ್ತಿದ್ದ ಮಾತನ್ನು ನಡುಗೋಡೆಯ ಈಚೆ ಕೂತು ಎಷ್ಟೋ ಸಲ ಕೇಳಿದ್ದೇನೆ: 'ಯವ್ವಾ, ರೊಕ್ಕ ತಗೊಂಡು ಹೋಗು. ಕೆಲಸಕ್ಕ ನೀ ಬಾ. ಆಕಿ ಸಾಲಿಗೆ ಹೋಗ್ಲಿ.' ಕೊಡುತ್ತಿದ್ದ ಕೂಲಿ ದೊಡ್ಡವರ ಪೂರ್ತಿ ಕೂಲಿ. ಹುಡುಗಿಯರು ರಜೆಯ ದಿನ ಬಂದರೂ ಹೊಲದ ಬದುವಿನ ಮೇಲೆ ಕೂರಿಸಿ ಶೇಂಗಾ ಕೊಟ್ಟು ಕಳಿಸುತ್ತಿದ್ದ.

ಇದು ಸುಲಭವಾಗಿ ನಡೆಯಲಿಲ್ಲ. ಬೇರೆ ಪ್ಲಾಟಿನವರು ಕಟ್ಟೆಗೆ ಬಂದು 'ನೀ ಊರಾಗ ಕೂಲಿ ಕೆಡಸಾಕತ್ತೀ' ಎಂದು ಜಗಳ ತೆಗೆದರು. ಅವರದೂ ಪೂರ್ತಿ ತಪ್ಪಲ್ಲ, ಕಂಪನಿಯವರು ಕೊಡುವ ದರದಲ್ಲಿ ದೊಡ್ಡವರ ಕೂಲಿ ಹೊಂದಿಸುವುದು ಕಷ್ಟವೇ ಇತ್ತು. ಬೀಜ ಕೊಟ್ಟ ಕೂಡಲೇ ಹಣವೂ ಬರುತ್ತಿರಲಿಲ್ಲ. ಬೀಜವನ್ನು ಬಿತ್ತಿ, ಶುದ್ಧವಾಗಿದೆಯೋ ಇಲ್ಲವೋ ನೋಡಿ, ಪಾಸಾದರೆ ಆಮೇಲೆ ಲೆಕ್ಕ. ಒಂದು ವರ್ಷ ಅವನ ಬೀಜ ಫೇಲಾಯಿತು. ಮುಂಗಡ ಹೋಗಿತ್ತು, ಕೂಲಿ ಹೋಗಿತ್ತು, ರೊಕ್ಕ ಬರಲಿಲ್ಲ. ಆ ಸಲ ಎತ್ತಿನ ಜೋಡಿ ಮಾರಿದ. 'ವಯಸ್ಸಾಗಿದ್ವು' ಎಂದು ನನಗೆ ಹೇಳಿದ. ಆ ಎತ್ತುಗಳಿಗೆ ಆರು ಹಲ್ಲು ಮಾತ್ರ ಬಂದಿದ್ದವು ಎಂದು ಹೇಳಿದವಳು ನಮ್ಮವ್ವ.

ಮರುವರ್ಷವೂ ಹುಡುಗಿಯರನ್ನು ಕರೆಯಲಿಲ್ಲ.

ವಿದ್ಯಾರ್ಥಿಗಳು ಒಂದು ವಿಷಯ ತಿಳಿದಿರಬೇಕು. ಆಗ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ, ಎಂಟನೆಯ ತರಗತಿಗೆ ಸೈಕಲ್ ಇರಲಿಲ್ಲ. ಶಿಕ್ಷಣ ಹಕ್ಕಿನ ಕಾಯ್ದೆ ಬಂದದ್ದು 2009ರಲ್ಲಿ. 1986ರ ಬಾಲಕಾರ್ಮಿಕ ಕಾಯ್ದೆ ಇತ್ತು, ಆದರೆ ಹೊಲದ ಈ ಕೆಲಸ ಅದರ ನಿಷೇಧದ ಪಟ್ಟಿಯಲ್ಲಿ ಇರಲಿಲ್ಲ. ಅವನನ್ನು ಯಾರೂ ಕೇಳುವವರಿರಲಿಲ್ಲ, ಹೊಗಳುವವರೂ ಇರಲಿಲ್ಲ.

ಅವನು ತೀರಿಕೊಂಡು ದಿನಗಳು ಮುಗಿದ ಮೇಲೆ ಅವನ ಹೆಂಡತಿ ಒಂದು ವಹಿ ತಂದು ನನ್ನ ಕೈಗೆ ಕೊಟ್ಟು, 'ಬರಬೇಕಾದ ರೊಕ್ಕ ಏನರ ಐತೇನು ನೋಡ್ರಿ ಮಾಸ್ತರ' ಎಂದರು. ಎಡಕ್ಕೆ ತಾಯಂದಿರ ಹೆಸರು, ಮುಂಗಡದ ಮೊತ್ತ. ಬಲಕ್ಕೆ ವಸೂಲಾದದ್ದನ್ನು ಬರೆಯುವ ಜಾಗದಲ್ಲಿ ಅವನು ಬರೆದದ್ದು ಬೇರೆ. ಎಂಟು ಪಾಸು. ಒಂಬತ್ತು ಪಾಸು. ಒಂದೆರಡು ಕಡೆ 'ಲಗ್ನ ಆತು' ಎಂದಷ್ಟೇ ಇದೆ. ಒಂದು ಹೆಸರಿನ ಮುಂದೆ ಗಣಿತದ ಅಂಕ ಬರೆದು ಎರಡು ಗೆರೆ ಎಳೆದಿದ್ದಾನೆ. ನಾನು ಕೂಡಿಸಿ ನೋಡಿದೆ. 'ಬರುವುದು ಏನೂ ಇಲ್ಲ ತಂಗೀ' ಎಂದೆ. ಆಕೆ ನಕ್ಕು, 'ಗೊತ್ತಿತ್ತು ಬಿಡ್ರಿ' ಎಂದರು.

ಆ ವಹಿಯಲ್ಲಿ ಹೆಸರಿರುವ ತಾಯಂದಿರ ಮಕ್ಕಳಲ್ಲಿ ಮೂವರು ಇಂದು ಇಲ್ಲಿಗೆ ಬಂದಿದ್ದಾರೆ. ಒಬ್ಬರು ನರ್ಸ್, ಒಬ್ಬರು ಅಂಗನವಾಡಿ ಕಾರ್ಯಕರ್ತೆ, ಇನ್ನೊಬ್ಬರು ತಮ್ಮದೇ ಹೊಲ ಮಾಡಿಕೊಂಡಿದ್ದಾರೆ. ಊಟವಾದ ಮೇಲೆ ಅವರು ಅವನ ಮನೆಗೆ ಹೋಗುವವರಿದ್ದಾರೆ. ನಾನೂ ಹೊರಟಿದ್ದೇನೆ. ಅವನನ್ನು ಬಲ್ಲವರು ಜೊತೆಗೆ ಬರಬಹುದು, ಮನೆಯವರಿಗೆ ಹೇಳಿಟ್ಟಿದ್ದೇನೆ.