ಗೆರೆಯ ಆಚೆ ನಿಂತವರು

ಆಟವನ್ನು ಬಲ್ಲವರೆಲ್ಲ ಆಟವನ್ನು ಕಲಿಸಬಲ್ಲರೆ? ಕಾವ್ಯ ಬರೆಯಬಲ್ಲವರೆಲ್ಲ ಕಾವ್ಯದ ಪಾಠ ಹೇಳಬಲ್ಲರೆ ಎಂಬ ಪ್ರಶ್ನೆಯಷ್ಟೇ ಹಳೆಯದು ಇದು. ಬಹುಕಾಲ ಕನ್ನಡ ಪಾಠ ಹೇಳಿದ ನನ್ನನ್ನು ಈ ಪ್ರಶ್ನೆ ಆಗಾಗ ಕಾಡಿದೆ. ನನಗೆ ಒಪ್ಪಿಗೆಯಾದ ಉತ್ತರವೊಂದು ದೊರೆತದ್ದು ಗ್ರಂಥಗಳಲ್ಲಿ ಅಲ್ಲ. ಸರ್ಬಿಯದ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ.

ಜೆಲ್ಕೊ ಒಬ್ರಾದೊವಿಚ್ 1960ರಲ್ಲಿ ಚಾಚಕ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ಅಲ್ಲಿನ ತಂಡದಲ್ಲಿ ಆಡಿ ಪಳಗಿ, 1984ರಲ್ಲಿ ಬೆಲ್‌ಗ್ರೇಡಿನ ಪಾರ್ಟಿಜಾನ್ ತಂಡವನ್ನು ಸೇರಿದರು. ಚೆಂಡನ್ನು ಮುಂದಕ್ಕೆ ಒಯ್ದು, ಯಾರಿಗೆ ಯಾವಾಗ ಕೊಡಬೇಕೆಂದು ಕ್ಷಣದಲ್ಲಿ ನಿಶ್ಚಯಿಸುವುದು ಅವರ ಸ್ಥಾನದ ಕೆಲಸ. ಅಂದಿನ ಯುಗೊಸ್ಲಾವಿಯ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯ ಪದಕ ಪಡೆದಾಗಲೂ 1990ರಲ್ಲಿ ವಿಶ್ವ ಚಾಂಪಿಯನ್ ಆದಾಗಲೂ ಅವರು ತಂಡದಲ್ಲಿದ್ದರು.

1991ರಲ್ಲಿ ರೋಮ್ ನಗರದ ಐರೋಪ್ಯ ಪಂದ್ಯಾವಳಿಗೆ ರಾಷ್ಟ್ರೀಯ ತಂಡ ಅಭ್ಯಾಸ ನಡೆಸುತ್ತಿದ್ದಾಗ, ತರಬೇತುದಾರರಾಗಿ ಬನ್ನಿರೆಂದು ಪಾರ್ಟಿಜಾನ್ ಅವರನ್ನು ಕರೆಯಿತು. ಆಗ ಅವರಿಗೆ 31 ವರ್ಷ. ಶಿಬಿರವನ್ನು ಬಿಟ್ಟು ಹೊರಟರು. ಆಟಗಾರನ ಬಾಳು ಅಲ್ಲಿಗೆ ಮುಗಿಯಿತು. ಅವರಿಲ್ಲದ ತಂಡ ರೋಮ್‌ನಲ್ಲಿ ಚಿನ್ನ ಗೆದ್ದಿತು. ಕೈಗೆ ಬರಬಹುದಾಗಿದ್ದ ಪದಕವನ್ನು ತೊರೆದು, ಎಂದೂ ಮಾಡದಿದ್ದ ಕೆಲಸವನ್ನು ಹೊತ್ತುಕೊಳ್ಳುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ನಿನ್ನೆಯ ಜೊತೆಗಾರರೇ ಇಂದು ಶಿಷ್ಯರಾಗುವ ಇಕ್ಕಟ್ಟು ಬೇರೆ.

ಆದರೆ ಅವರು ಒಂಟಿಯಾಗಿರಲಿಲ್ಲ. ಬೆನ್ನ ಹಿಂದೆ ಸಲಹೆಗಾರರಾಗಿ ಅಲೆಕ್ಸಾಂದರ್ ನಿಕೊಲಿಚ್ ಇದ್ದರು. 1978ರಲ್ಲಿ ಯುಗೊಸ್ಲಾವಿಯವನ್ನು ವಿಶ್ವ ಚಾಂಪಿಯನ್ ಮಾಡಿದ ಗುರು ಅವರು; ನಾಡಿನ ಜನ ಅವರನ್ನು ಕರೆಯುತ್ತಿದ್ದದ್ದೇ ‘ಪ್ರೊಫೆಸರ್’ ಎಂದು. ಕಲಿಸಲು ಹೊರಟವನು ಮೊದಲು ತಾನೇ ಮತ್ತೊಮ್ಮೆ ವಿದ್ಯಾರ್ಥಿಯಾಗಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಅಷ್ಟರಲ್ಲಿ ದೇಶ ಒಡೆಯತೊಡಗಿತ್ತು. ಯುದ್ಧದ ದೆಸೆಯಿಂದ ಪಾರ್ಟಿಜಾನ್ ಆ ವರ್ಷದ ಐರೋಪ್ಯ ಕಪ್‌ನ ತನ್ನ ‘ತವರಿನ’ ಪಂದ್ಯಗಳಲ್ಲಿ ಹೆಚ್ಚಿನವನ್ನು ಮ್ಯಾಡ್ರಿಡ್ ಸಮೀಪದ ಫುಯೆನ್ಲಾಬ್ರಾದದಲ್ಲಿ ಆಡಬೇಕಾಯಿತು. ಮನೆಯಂಗಳ ಕಳೆದುಕೊಂಡ ಈ ಎಳೆಯರ ತಂಡ 1992ರ ಏಪ್ರಿಲ್ 16ರಂದು ಇಸ್ತಾಂಬುಲ್‌ನಲ್ಲಿ ಅಂತಿಮ ಪಂದ್ಯವನ್ನಾಡಿತು. ಎದುರಾಳಿ ಸ್ಪೇನಿನ ಜುವೆಂತುತ್. ಕೊನೆಯ ಗಳಿಗೆಯಲ್ಲಿ ಎರಡು ಅಂಕಗಳ ಹಿನ್ನಡೆ. ಅಲೆಕ್ಸಾಂದರ್ ಜೋರ್ಜೆವಿಚ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದು ಮೂರು ಅಂಕ ತಂದಿತು. 71–70.

ಆ ಗಳಿಗೆಯನ್ನು ನಾನು ಮತ್ತೆ ಮತ್ತೆ ಊಹಿಸಿಕೊಳ್ಳುತ್ತೇನೆ. ಒಂದು ವರ್ಷದ ಹಿಂದೆಯಾಗಿದ್ದರೆ ಆ ಚೆಂಡು ಒಬ್ರಾದೊವಿಚ್ ಅವರ ಕೈಯಲ್ಲೇ ಇರಬಹುದಾಗಿತ್ತು. ಈಗ ಅವರು ಗೆರೆಯ ಆಚೆ ನಿಂತಿದ್ದಾರೆ. ಕಲಿಸಬೇಕಾದುದನ್ನು ಕಲಿಸಿಯಾಗಿದೆ, ಚೆಂಡನ್ನು ಮುಟ್ಟುವ ಅಧಿಕಾರ ಮಾತ್ರ ಇಲ್ಲ. ಪರೀಕ್ಷೆಯ ಕೊಠಡಿಯ ಹೊರಗೆ ನಿಂತ ಮೇಷ್ಟರ ಪಾಡೂ ಇದೇ.

ಎರಡೇ ವರ್ಷಗಳಲ್ಲಿ, 1994ರಲ್ಲಿ, ಅಂದು ಸೋತ ಜುವೆಂತುತ್ ತಂಡವನ್ನೇ ಅವರು ಐರೋಪ್ಯ ಚಾಂಪಿಯನ್ ಮಾಡಿದರು. ಮುಂದೆ ರಿಯಲ್ ಮ್ಯಾಡ್ರಿಡ್, ಅಥೆನ್ಸಿನ ಪಾನಥಿನೈಕೊಸ್, ಇಸ್ತಾಂಬುಲಿನ ಫೆನೆರ್‌ಬಾಚೆ: 2017ರ ವೇಳೆಗೆ ಐದು ತಂಡಗಳೊಡನೆ ಒಂಬತ್ತು ಐರೋಪ್ಯ ಪ್ರಶಸ್ತಿಗಳು. 2021ರಲ್ಲಿ ತಮ್ಮ ಹಳೆಯ ಪಾರ್ಟಿಜಾನ್‌ಗೇ ಮರಳಿದರು.

ನನ್ನ ಮನಸ್ಸು ನಿಲ್ಲುವುದು ಈ ಲೆಕ್ಕದಲ್ಲಲ್ಲ. ಇಸ್ತಾಂಬುಲ್‌ನಲ್ಲಿ ಚೆಂಡೆಸೆದ ಆ ಜೋರ್ಜೆವಿಚ್ ತಾವೂ ತರಬೇತುದಾರರಾದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರ ಸರ್ಬಿಯ ಬೆಳ್ಳಿಯ ಪದಕ ಪಡೆಯಿತು. ಅದೇ ವರ್ಷ ಬೆಲ್‌ಗ್ರೇಡಿನ ಕ್ರೀಡಾಂಗಣವೊಂದಕ್ಕೆ ನಿಕೊಲಿಚ್ ಅವರ ಹೆಸರಿಟ್ಟರು. ಪದಕ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ವಿದ್ಯೆ ಮಾತ್ರ ಹೀಗೆ ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ.