ತಿಂಗಳ ಊಟದ ಪಟ್ಟಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನು ವೇದಿಕೆಯನ್ನೇರಿದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವನೆಂದು ತಾವು ನಿರೀಕ್ಷಿಸಿರಬಹುದು. ನಾನು ಆರಿಸಿಕೊಂಡಿರುವ ವಿಷಯವಾದರೋ ರಾತ್ರಿಯ ಊಟ. ಒಂದು ತಿಂಗಳ ಊಟವನ್ನು ಮುಂದಾಗಿ ಯೋಚಿಸಿ ಬರೆದಿಟ್ಟುಕೊಂಡರೆ ಹಣವೂ ಹೊತ್ತೂ ಹೇಗೆ ಉಳಿಯುತ್ತವೆ, ಉಳಿದ ಹೊತ್ತು ಯಾವುದಕ್ಕೆ ಸಲ್ಲಬೇಕು ಎಂಬುದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಈ ವಿಷಯವು ನಮ್ಮ ಸಾಹಿತ್ಯಕ್ಕೆ ಹೊರಗಿನದಲ್ಲ. 11ನೆಯ ಶತಮಾನದಲ್ಲಿ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಪಾಕವಿದ್ಯೆಗೂ ಎಡೆಗೊಟ್ಟನು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪದ್ಯಗ್ರಂಥವನ್ನೇ ರಚಿಸಿದನು.

1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು ಮಲೆಯಾಚೆಯ ನೀರು ಈ ಕಂಬಂ ಕಣಿವೆಗೆ ಹರಿದ ಮೇಲೆ ಗದ್ದೆ, ಬಾಳೆ, ದ್ರಾಕ್ಷಿ ತೋಟಗಳು ಬೆಳೆದವು. ಅವುಗಳ ದುಡಿಮೆಯಲ್ಲಿ ಹೆಂಗಸರ ಪಾಲು ಹಿರಿದು. ನಸುಕಿನಲ್ಲೇ ಜೀಪು ಹತ್ತಿ ಘಟ್ಟದಾಚೆಯ ಏಲಕ್ಕಿ ತೋಟಗಳಿಗೆ ಹೋಗಿ ಕತ್ತಲಾಗುವ ಹೊತ್ತಿಗೆ ಮರಳುವವರಿದ್ದಾರೆ. ದಿಂಡಿಗಲ್ಲಿನ ಕಡೆ ನೂಲಿನ ಗಿರಣಿಗಳಿಗೆ ಹೋಗುವವರಿದ್ದಾರೆ. ದಣಿದು ಬಂದ ತಾಯಿಯನ್ನು ಹೊಸಿಲಲ್ಲೇ ಎದುರುಗೊಳ್ಳುವ ಪ್ರಶ್ನೆ ಒಂದೇ: “ಇವತ್ತು ಏನು ಸಾರು?” ಉತ್ತರ ಸಿದ್ಧವಿಲ್ಲದಿದ್ದರೆ ಮಗುವನ್ನು ಅಂಗಡಿಗೆ ಓಡಿಸಬೇಕು. ಅರ್ಧ ಪಾವು ಬೇಳೆ, ಚೂರು ಹುಣಿಸೆಹಣ್ಣು, ಚಿಕ್ಕ ಪೊಟ್ಟಣದ ಎಣ್ಣೆ, ಎಲ್ಲವೂ ಬಿಡಿಯಾಗಿ, ಹೆಚ್ಚಿನ ಬೆಲೆಗೆ, ಅನೇಕ ವೇಳೆ ಕಡವಾಗಿ ಬರುತ್ತವೆ. ಅದೂ ಆಗದಿದ್ದರೆ ಹೋಟೆಲಿನ ಪರೋಟದ ಪೊಟ್ಟಣ. ತಿಂಗಳ ಕೊನೆಯಲ್ಲಿ ಹಣ ಎಲ್ಲಿ ಹೋಯಿತೆಂದು ಕೇಳಿದರೆ ಯಾರೂ ಹೇಳಲಾರರು.

ಇದಕ್ಕೆ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ಕಾಮರಾಜರ ಕಾಲದಲ್ಲಿ ಮೊದಲಾಗಿ, 1982ರಲ್ಲಿ ಎಂ. ಜಿ. ರಾಮಚಂದ್ರನ್ ಅವರಿಂದ ವಿಸ್ತಾರಗೊಂಡ ಶಾಲಾ ಮಧ್ಯಾಹ್ನದೂಟವನ್ನು ತಮ್ಮ ಮಕ್ಕಳೇ ಉಣ್ಣುತ್ತಿದ್ದಾರೆ. ಅಲ್ಲಿ ಒಂದನೆಯ ಮತ್ತು ಮೂರನೆಯ ವಾರಗಳಿಗೆ ಒಂದು ಕ್ರಮ, ಎರಡನೆಯ ಮತ್ತು ನಾಲ್ಕನೆಯ ವಾರಗಳಿಗೆ ಇನ್ನೊಂದು. ಎರಡು ವಾರಗಳನ್ನು ಯೋಚಿಸಿದರೆ ತಿಂಗಳೇ ಮುಗಿಯಿತು! ನೂರಾರು ಮಕ್ಕಳಿಗೆ ಒದಗುವ ಈ ಕ್ರಮ ಐದು ಜನರ ಸಂಸಾರಕ್ಕೆ ಒದಗದೆ ಇರುವುದೇ?

ಮನೆಯ ಪಟ್ಟಿಯನ್ನು ಹೀಗೆ ಮಾಡಬಹುದು. ಮೊದಲನೆಯ ವಾರ ಸೋಮವಾರ ಮುದ್ದೆ ಮತ್ತು ಹುರುಳಿ ಸಾರು, ಮಂಗಳವಾರ ಸೊಪ್ಪಿನ ಸಾರು, ಬುಧವಾರ ತೊಗರಿಬೇಳೆಯ ಹುಳಿ, ಗುರುವಾರ ಅವರೆಕಾಳು, ಶುಕ್ರವಾರ ದೋಸೆ, ಚಟ್ನಿ, ಭಾನುವಾರ ಅವರವರ ಪದ್ಧತಿಯಂತೆ ಮೊಟ್ಟೆ, ಮಾಂಸ ಅಥವಾ ಪಲ್ಯ. ಎರಡನೆಯ ವಾರ ಹುರುಳಿಯ ಬದಲು ಹೆಸರುಕಾಳು, ಅವರೆಯ ಬದಲು ಅಲಸಂದೆ. ಶನಿವಾರವನ್ನು ಬರೆಯದೆ ಬಿಡಿರಿ. ಅದು ನೆಂಟರಿಗೆ, ಹಬ್ಬಕ್ಕೆ, ಉಳಿದ ಪದಾರ್ಥಕ್ಕೆ ಸಲ್ಲುವ ದಿನ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾಳನ್ನು ಗೊತ್ತುಮಾಡಿರಿ, ತರಕಾರಿಯನ್ನು ಗೊತ್ತುಮಾಡಬೇಡಿರಿ. ಕಾಳು ಕೆಡುವುದಿಲ್ಲ, ತಿಂಗಳಿಗೊಮ್ಮೆ ಒಟ್ಟಾಗಿ ಕೊಳ್ಳಬಹುದು. ತರಕಾರಿಯ ಬೆಲೆಯಾದರೋ ದಿನಕ್ಕೊಂದು ಬಗೆ. ಒಡ್ಡನ್‌ಛತ್ರದ ಮಾರುಕಟ್ಟೆಗೆ ಟೊಮೇಟೊ ರಾಶಿಯಾಗಿ ಬಂದ ದಿನ ಬೆಳೆದವನಿಗೆ ಕೂಲಿಯೂ ಗಿಟ್ಟದು. ಬಾರದ ದಿನ ಕೊಳ್ಳುವವನಿಗೆ ಕೈಗೆಟುಕದು. ಆದುದರಿಂದ ಪಟ್ಟಿಯಲ್ಲಿ ‘ಹುಳಿ’ ಎಂದಷ್ಟೇ ಬರೆಯಿರಿ. ನುಗ್ಗೆಯೋ ಬದನೆಯೋ ಎಂಬುದನ್ನು ಸಂತೆಯೇ ಹೇಳಲಿ.

ನ್ಯಾಯಬೆಲೆ ಅಂಗಡಿಯ ಲೆಕ್ಕವೂ ಈ ಪಟ್ಟಿಗೆ ಹೊಂದುತ್ತದೆ. 2011ರಿಂದ ಈ ರಾಜ್ಯದಲ್ಲಿ ಅಕ್ಕಿಯ ಚೀಟಿಗೆ ಅಕ್ಕಿ ಉಚಿತ. ತೊಗರಿಬೇಳೆ ಒಂದು ಕಿಲೋ 30 ರೂಪಾಯಿಗೆ ದೊರೆಯುತ್ತದೆ. ಐದು ಜನರ ಹುಳಿಗೆ 200 ಗ್ರಾಂ ಬೇಳೆ ಎಂದಿಟ್ಟುಕೊಂಡರೆ ಅದು ಐದು ರಾತ್ರಿಗಳಿಗೆ ಸಾಕು: ನಾಲ್ಕು ಬುಧವಾರಗಳು, ಜೊತೆಗೆ ನೆಂಟರು ಬಂದ ಒಂದು ದಿನ. ದಿನವೂ ತೊಗರಿಯನ್ನೇ ಬೇಯಿಸುವ ಮನೆ ಮೊದಲ ವಾರದಲ್ಲೇ ಅದನ್ನು ಮುಗಿಸಿ ಉಳಿದದ್ದನ್ನು ಪೇಟೆಯ ಬೆಲೆಗೆ ಕೊಳ್ಳುತ್ತದೆ.

ಹೊತ್ತಿನ ಉಳಿತಾಯ ಇದಕ್ಕಿಂತ ಹಿರಿದು. ನಾಳೆಯ ಕಾಳು ಯಾವುದೆಂದು ತಿಳಿದಿದ್ದರೆ ಮುಂಜಾನೆ ಹೊರಡುವಾಗಲೇ ನೆನೆಹಾಕಬಹುದು. ನೆನೆದ ಕಾಳು ಬೇಗ ಬೇಯುತ್ತದೆ, ಅನಿಲವೂ ಉಳಿಯುತ್ತದೆ. ಸಾರಿನ ಪುಡಿಯನ್ನು ತಿಂಗಳಿಗೊಮ್ಮೆ ಮಾಡಿಟ್ಟರಾಯಿತು. ಎಲ್ಲಕ್ಕೂ ಮಿಗಿಲಾಗಿ, ಪಟ್ಟಿ ಗೋಡೆಯ ಮೇಲಿದ್ದರೆ ಅಡುಗೆಯ ಭಾರ ತಾಯಿಯೊಬ್ಬಳ ತಲೆಯೊಳಗೆ ಉಳಿಯುವುದಿಲ್ಲ. ಮೊದಲು ಮನೆ ಸೇರಿದವರು, ಗಂಡನಾಗಲಿ ಮಗನಾಗಲಿ, ಓದಿಕೊಂಡು ಒಲೆ ಹೊತ್ತಿಸಬಹುದು. ಹೊತ್ತಿಸಬೇಕು ಎಂದೇ ನನ್ನ ಅಭಿಪ್ರಾಯ. “ಮನೆಯೇನು ಹಾಸ್ಟೆಲೇ?” ಎಂದು ಹಿರಿಯರು ಕೇಳಬಹುದು. ಪಟ್ಟಿ ನಮ್ಮ ಆಳು, ಒಡೆಯನಲ್ಲ. ಬೇಕಾದ ದಿನ ಬದಲಿಸಲು ಅಡ್ಡಿಯಿಲ್ಲ.

ಉಳಿದ ಹೊತ್ತು ಯಾವುದಕ್ಕೆ? ಈ ಸೀಮೆಯ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡದ ಒಕ್ಕಲು ಮಕ್ಕಳೆಂದು 1909ರಲ್ಲೇ ಥರ್ಸ್ಟನ್ನರ ಗ್ರಂಥ ಗುರುತಿಸಿತು. ತಲೆಮಾರುಗಳು ಕಳೆದರೂ ನುಡಿ ಉಳಿದದ್ದು ಪುಸ್ತಕದಿಂದಲ್ಲ, ಮನೆಯ ಮಾತಿನಿಂದ. ಮಕ್ಕಳು ಶಾಲೆಯಲ್ಲಿ ಓದುವುದು ತಮಿಳು ಮತ್ತು ಇಂಗ್ಲಿಷ್, ಅದು ಸರಿಯೇ. ಆದರೆ ಮನೆಯವರೆಲ್ಲರೂ ಕೂಡಿ ಕುಳಿತು ಮಾತನಾಡುವ ಹೊತ್ತು ರಾತ್ರಿಯ ಊಟದ ಹೊತ್ತೊಂದೇ. ಆ ಅರ್ಧಗಂಟೆಯೂ ಗಡಿಬಿಡಿಯಲ್ಲಿ ಹೋದರೆ ಅಜ್ಜಿಯ ಕನ್ನಡ ಮೊಮ್ಮಗುವಿನ ಕಿವಿಗೆ ಬೀಳುವುದು ಯಾವಾಗ?

ಆದುದರಿಂದ ಕನ್ನಡ ಉಪಾಧ್ಯಾಯನಾಗಿ ನನ್ನದೊಂದು ಬೇಡಿಕೆ: ಈ ಪಟ್ಟಿಯನ್ನು ಮಕ್ಕಳ ಕೈಯಿಂದ ಕನ್ನಡ ಲಿಪಿಯಲ್ಲಿ ಬರೆಯಿಸಿರಿ. ತಮಿಳಿನಲ್ಲಿ ಕ-ಗಗಳಿಗೂ ಪ-ಬಗಳಿಗೂ ಒಂದೊಂದೇ ಅಕ್ಷರ. ಬೇಳೆ, ಬೆಲ್ಲ, ಗೋಧಿ ಎಂದು ಬರೆಯುವಾಗ ಮಗುವಿಗೆ ನಮ್ಮ ಅಕ್ಷರಗಳ ಭೇದ ತಾನಾಗಿ ತಿಳಿಯುತ್ತದೆ. ಅಕ್ಕಿ, ಉಪ್ಪು, ಎಣ್ಣೆ, ಸೊಪ್ಪು ಎಂದು ಬರೆದರೆ ಒತ್ತಕ್ಷರದ ಪಾಠ ಮುಗಿಯಿತು. ತಿಂಗಳಿಗೊಂದು ಪಟ್ಟಿಯಾದರೆ ವರ್ಷಕ್ಕೆ ಹನ್ನೆರಡು. ಶಾಲೆಯಿಲ್ಲದ ಕಡೆ ಇದಕ್ಕಿಂತ ಸುಲಭವಾದ ಕಾಗುಣಿತದ ಪುಸ್ತಕವನ್ನು ನಾನು ಕಾಣೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಊಟವನ್ನೂ ಮಾತನ್ನೂ ಒಂದೇ ಗಾದೆಯಲ್ಲಿ ಕೂಡಿಸಿದರು. ತಮ್ಮ ಮನೆಗಳಲ್ಲಿ ಅವೆರಡೂ ಒಂದೇ ಪಂಕ್ತಿಯಲ್ಲಿ ಕೂಡಿರಲಿ ಎಂದು ಹಾರೈಸುತ್ತೇನೆ.